ತಾಮ್ರದ ಚೊಂಬಿನ ಪಂಪು

ಇಂದಿರಾನಗರದ ಆ ಬೀದಿಯಲ್ಲಿ ಕಡಲು ಇದ್ದದ್ದು ರಮಾಮಣಿಯ ಮನೆಯಲ್ಲಿ ಮಾತ್ರ. ನಡುಮನೆಯ ಕಿಟಕಿಯ ಪಕ್ಕ, ಕಬ್ಬಿಣದ ಕಾಲುಗಳ ಮೇಲೆ ಕೂರಿಸಿದ ಗಾಜಿನ ತೊಟ್ಟಿಯಲ್ಲಿ. ಉದ್ದ ಒಂದು ಬೆಂಚಿನಷ್ಟು, ಆಳ ಮೊಣಕೈವರೆಗೆ. ಆಳ ಅವಳಿಗೆ ಚೆನ್ನಾಗಿ ಗೊತ್ತಿತ್ತು. ದಿನವೂ ಅವಳ ಬಲಗೈ ಅಷ್ಟು ಆಳಕ್ಕೆ ಮುಳುಗುತ್ತಿತ್ತು.

ಎಪ್ಪತ್ತಮೂರನೇ ಇಸವಿ. ಬಡಾವಣೆ ಹೊಸದು, ಅರ್ಧ ಸೈಟುಗಳು ಖಾಲಿ. ಬಿನ್ನಮಂಗಲದ ಎಮ್ಮೆಗಳು ಬಂದು ಖಾಲಿ ಸೈಟುಗಳಲ್ಲಿ ಮೇಯುತ್ತಿದ್ದವು. ರಮಾಮಣಿಯ ಗಂಡ ಯಜ್ಞನಾರಾಯಣ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಕೈಯಲ್ಲಿ ಕೆಲಸ ಬಲ್ಲವನು, ಮಾತಿನಲ್ಲಿ ಕೆಟ್ಟವನಲ್ಲ. ಎರಡು ಸಲ ಬಸುರಾಗಿ ಎರಡು ಸಲವೂ ನಿಲ್ಲದೆ ಹೋದ ಮೇಲೆ, ಹೆಂಡತಿಯ ಕಣ್ಣೆದುರು ಏನಾದರೂ ಓಡಾಡಿಕೊಂಡಿರಲಿ ಎಂದು ಅವನು ತೊಟ್ಟಿ ತಂದನಂತೆ. ಹಾಗೆಂದು ಅವನೇ ಹೇಳಲಿಲ್ಲ. ಪಕ್ಕದ ಮನೆಯವರು ಹೇಳಿದರು. ರಮಾಮಣಿಗೆ ಅದನ್ನು ಕೇಳಿ ಸಂತೋಷವಾಗಲಿಲ್ಲ, ಬೇಜಾರೂ ಆಗಲಿಲ್ಲ. ಆಗ ಅವಳಿಗೆ ಯಾವುದೂ ಅಷ್ಟಾಗಿ ತಾಕುತ್ತಿರಲಿಲ್ಲ.

ಮೊದಲು ಇದ್ದದ್ದು ನಲ್ಲಿ ನೀರಿನ ಮೀನು. ಅವು ಸುಲಭದವು. ಆಮೇಲೆ ಯಜ್ಞನಾರಾಯಣನ ಶಾಲೆಯ ಗೆಳೆಯ ಕೃಷ್ಣಸ್ವಾಮಿ ಬಂದ. ಅವನು ಮದ್ರಾಸ್ ಮೇಲ್ ರೈಲಿನಲ್ಲಿ ಗಾರ್ಡು. ಊಟ ಮಾಡಿ ಕೈ ತೊಳೆದು, ತೊಟ್ಟಿಯ ಮುಂದೆ ನಿಂತು ನಕ್ಕ.

"ಇದೇನೋ ಯಜ್ಞ, ಬಚ್ಚಲ ಮೀನು! ಕಡಲ ಮೀನು ಸಾಕೋ. ರಾಮೇಶ್ವರದ ಹತ್ರ ಮಂಟಪಂ ಕಡೆ ನಮ್ಮವರಿದಾರೆ. ಕಲ್ಲು, ಹೂವು, ಮೀನು, ನೀರು ಎಲ್ಲ ನಾನು ತರ್ತೀನಿ. ಬೆಂಗಳೂರಲ್ಲಿ ಯಾರ ಮನೇಲೂ ಇರಲ್ಲ."

ಯಾರ ಮನೆಯಲ್ಲೂ ಇರುವುದಿಲ್ಲ ಎಂಬ ಮಾತು ಯಜ್ಞನಾರಾಯಣನಿಗೆ ಹಿಡಿಸಿತು. ಕಡಲ ನೀರು ದೊಡ್ಡ ದೊಡ್ಡ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ಕಂಟೋನ್ಮೆಂಟ್ ಸ್ಟೇಷನ್ನಿಗೆ ಬಂತು. ಅಲ್ಲಿಂದ ಆಟೋದಲ್ಲಿ ಮನೆಗೆ ಬಂತು. ಆಟೋದಿಂದ ನಡುಮನೆಗೆ ರಮಾಮಣಿ ಹೊತ್ತಳು. ಅದರ ಹಿಂದೆ ಜೀವ ಮೆತ್ತಿಕೊಂಡಿದ್ದ ಕಲ್ಲುಗಳು ಬಂದವು, ಮೈಮೇಲೆ ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು ಬಂದವು, ಕಡಲ ಹೂವು ಬಂತು. ನೋಡಲು ಹೂವು, ಆದರೆ ಪ್ರಾಣಿ. ಕಲ್ಲಿಗೆ ಕಚ್ಚಿ ಕೂತು ನೂರಾರು ಮೆತ್ತನೆಯ ಬೆರಳು ಆಡಿಸುತ್ತಿತ್ತು. ಮೀನುಗಳು ಆ ಬೆರಳುಗಳ ನಡುವೆ ಅಡಗಿ ಮಲಗುತ್ತಿದ್ದವು.

ಭಾನುವಾರಗಳಲ್ಲಿ ನೋಡಲು ಜನ ಬಂದರು. ಬಂದವರಿಗೆಲ್ಲ ರಮಾಮಣಿ ಕಾಫಿ ಮಾಡಿದಳು.

ಕಡಲ ಪ್ರಾಣಿಗಳಿಗೆ ನಿಂತ ನೀರು ಆಗದು. "ನೀರು ತಿರುಗ್ತಾ ಇರ್ಬೇಕು" ಎಂದು ಕೃಷ್ಣಸ್ವಾಮಿ ಹೇಳಿ ಹೋಗಿದ್ದ. "ಕಡಲಲ್ಲಿ ನೀರು ನಿಂತಿದ್ದು ಯಾವನಾದ್ರೂ ನೋಡಿದಾನಾ?" ತೊಟ್ಟಿಗೆ ಒಂದು ಗಾಳಿ ಪಂಪು ಇತ್ತು. ಕರಿ ಡಬ್ಬಿ, ಅದರಿಂದ ರಬ್ಬರ್ ಕೊಳವೆ, ಕೊಳವೆಯ ತುದಿಯಲ್ಲಿ ಗುಳ್ಳೆ ಬಿಡುವ ಕಲ್ಲು. ಗುಳ್ಳೆ ಮೇಲಕ್ಕೆ ಹೋಗುತ್ತಿತ್ತು ಅಷ್ಟೆ, ನೀರು ತಿರುಗುತ್ತಿರಲಿಲ್ಲ. ಹಾಗಾಗಿ ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ರಮಾಮಣಿ ಕೈ ಹಾಕಿ ತಿರುಗಿಸುತ್ತಿದ್ದಳು. ಕರೆಂಟು ಹೋದರೆ ಗುಳ್ಳೆಯೂ ಇಲ್ಲ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಆಗ ಮಗ್ಗಿನಲ್ಲಿ ನೀರು ಎತ್ತಿ ಎತ್ತಿ ಮೇಲಿಂದ ಸುರಿಯಬೇಕು, ನಡುನಡುವೆ ತಿರುಗಿಸಬೇಕು, ಕರೆಂಟು ಬರುವವರೆಗೆ. ಆ ವರ್ಷ ಕರೆಂಟು ದಿನವೂ ಹೋಗುತ್ತಿತ್ತು. ಬೆಳಗಿನ ಹೊತ್ತು ತಪ್ಪದೆ ಹೋಗುತ್ತಿತ್ತು, ಉಳಿದಂತೆ ಅದಕ್ಕೆ ಮನಸ್ಸು ಬಂದಾಗ.

ಅವಳ ಕೈ ಮೊದಲು ಬೆಳ್ಳಗಾಯಿತು, ಆಮೇಲೆ ಬಿರಿಯಿತು. ಮೆಣಸಿನಕಾಯಿ ಹೆಚ್ಚಿದ ದಿನ ಉರಿಯುತ್ತಿತ್ತು. ಕೊನೆಕೊನೆಗೆ ಉರಿಯುವುದೂ ನಿಂತಿತು. ಭುಜದಿಂದ ಬೆರಳವರೆಗೆ ಜೋಮು ಹಿಡಿದು ಹಾಗೇ ಇರುತ್ತಿತ್ತು. ಮೀನಿಗೆ ಹಾಕುವುದು ಒಣ ಸೀಗಡಿಪುಡಿ. ಅದರ ಡಬ್ಬಿ ಮನೆಯೊಳಗೆ ಬರಕೂಡದು ಎಂದು ಅತ್ತೆ ಸೀತಮ್ಮನ ಕಟ್ಟಪ್ಪಣೆ. ಡಬ್ಬಿ ಕಿಟಕಿಯ ಹೊರಗಿನ ಹಲಗೆಯ ಮೇಲಿತ್ತು. ಅದನ್ನು ಮುಟ್ಟಿದವಳು ಸ್ನಾನ ಮಾಡದೆ ಅಡುಗೆಮನೆಗೆ ಹೋಗುವಂತಿಲ್ಲ. ರಮಾಮಣಿ ದಿನಕ್ಕೆ ಎರಡು ಸ್ನಾನ ಮಾಡುತ್ತಿದ್ದಳು. ಎರಡಕ್ಕೂ ಒಲೆಗೆ ಸೌದೆ ಒಡ್ಡುವವಳು ಅವಳೇ.

ಹೊರಗೆ ಹೋಗುವುದು ಹಾಗೇ ನಿಂತುಹೋಯಿತು. ಯಾರೂ ಹೋಗಬೇಡ ಎಂದಿರಲಿಲ್ಲ. ಹೋದ ಹೊತ್ತಿಗೆ ಕರೆಂಟು ಹೋದರೆ?

ಏಪ್ರಿಲಿನಲ್ಲಿ ಒಂದು ಸೋಮವಾರ ಸೀತಮ್ಮನ ಹರಕೆ ತೀರಿಸಲು ಹಲಸೂರಿನ ಸೋಮೇಶ್ವರನ ಗುಡಿಗೆ ಹೋಗಬೇಕಾಯಿತು. ಅಲ್ಲಿ ಕಂಬದ ಪಕ್ಕ ಯಶೋದಮ್ಮ ಸಿಕ್ಕಳು. ಮದುವೆಗೆ ಮುಂಚೆ ರಮಾಮಣಿ ಶಿಕ್ಷಕಿಯ ತರಬೇತಿ ಪಡೆದಿದ್ದಳು. ಯಶೋದಮ್ಮ ಅಲ್ಲಿ ಎರಡು ವರ್ಷ ಮುಂದಿನವಳು. ಈಗ ಶಿವಾಜಿನಗರದ ಒಂದು ಹೆಣ್ಣುಮಕ್ಕಳ ಶಾಲೆಗೆ ಮುಖ್ಯೋಪಾಧ್ಯಾಯಿನಿ. ಕುಂಕುಮ ಕೊಡಲು ಕೈ ಚಾಚಿದ ರಮಾಮಣಿಯ ಕೈಯನ್ನೇ ಅವಳು ಹಿಡಿದುಕೊಂಡಳು.

"ಏನೇ ಇದು? ಸುಣ್ಣದ ಗೂಡಲ್ಲಿ ಕೆಲಸಕ್ಕೆ ಸೇರ್ಕೊಂಡಿದೀಯಾ?"

"ಮೀನಿನ ತೊಟ್ಟಿ ಅಕ್ಕ. ಉಪ್ಪುನೀರು."

"ಮೀನಾ? ನಿಮ್ಮ ಅತ್ತೆ ಮನೇಲಾ?" ಯಶೋದಮ್ಮ ಗುಡಿ ಎಂಬುದನ್ನೂ ಮರೆತು ನಕ್ಕಳು. ಆಮೇಲೆ ಹೇಳಿದಳು, "ನಮ್ಮ ಕನ್ನಡ ಮೇಡಂ ಗಂಡನಿಗೆ ವರ್ಗ ಆಯ್ತು, ಹೋಗ್ತಿದಾರೆ. ನೀನು ಬಾ. ಸ್ಕೂಲ್ ಶುರುವಾಗೋ ದಿನ ಕ್ಲಾಸಲ್ಲಿ ಇರ್ಬೇಕು ನೋಡು. ಅವತ್ತು ಬರ್ಲಿಲ್ಲ ಅಂದ್ರೆ ಬೇರೆಯವಳನ್ನ ತಗೋತೀನಿ. ಆಮೇಲೆ ಬೇಜಾರು ಮಾಡ್ಕೋಬಾರದು."

ದಾರಿಯುದ್ದಕ್ಕೂ ರಮಾಮಣಿ ಆ ಮಾತನ್ನು ಒಳಗೇ ಹೇಳಿಕೊಳ್ಳುತ್ತ ಬಂದಳು. ಬಹಳ ದಿನಗಳ ಮೇಲೆ ಏನೋ ಬೇಕು ಎನ್ನಿಸಿತ್ತು. ಬೇಕು ಎನ್ನಿಸುವುದು ಹೇಗಿರುತ್ತದೆ ಎಂಬುದೇ ಅವಳಿಗೆ ಮರೆತಿತ್ತು. ಅದು ಹಸಿವಿನ ಹಾಗೆ ಹೊಟ್ಟೆಯಲ್ಲಿತ್ತು.

ರಾತ್ರಿ ಊಟಕ್ಕೆ ಬಡಿಸುವಾಗ ಹೇಳಿದಳು. ಯಜ್ಞನಾರಾಯಣ ಬೇಡ ಎನ್ನಲಿಲ್ಲ.

"ಹೋಗು. ನಾನು ಯಾವತ್ತು ಬೇಡ ಅಂದೆ? ಓದಿದೀಯ, ಹೋಗ್ಬೇಕು. ಪಂಪ್ ಒಂದು ಸೆಟ್ ಆಗ್ಬಿಡ್ಲಿ. ತೊಟ್ಟೀನ ಹೀಗೇ ಬಿಟ್ಟು ಹೋದ್ರೆ ಮಧ್ಯಾಹ್ನದೊಳಗೆ ಎಲ್ಲಾ ಸತ್ತಿರ್ತವೆ. ತಾನೇ ತಿರುಗೋ ಪಂಪ್ ಒಂದು ಹಾಕ್ಬಿಟ್ರೆ ಆಮೇಲೆ ನೀನು ಎಲ್ಲಿಗೆ ಬೇಕಾದ್ರೂ ಹೋಗು. ಸಾರು ಹಾಕು."

ಅವಳು ಸಾರು ಹಾಕಿದಳು.

ಮುಂದಿನ ಭಾನುವಾರ ಇಬ್ಬರೂ ಪಂಪು ಆರಿಸಲು ಶಿವಾಜಿನಗರಕ್ಕೆ ಹೋದರು. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ನಯಾಜನ ಅಂಗಡಿ. ಪಂಜರದಲ್ಲಿ ಗಿಳಿ, ಪಾರಿವಾಳ. ಬಾಟಲಿಗಳಲ್ಲಿ ಒಂದೊಂದೇ ಮೀನು. ಯಜ್ಞನಾರಾಯಣ ಮಾತಾಡುವಾಗ ರಮಾಮಣಿ ಚೀಲ ಹಿಡಿದು ಹಿಂದೆ ನಿಂತಿದ್ದಳು.

ನಯಾಜ್ ಮೊದಲು ಅವರಲ್ಲಿರುವಂಥದೇ ಕರಿ ಡಬ್ಬಿ ತೋರಿಸಿದ, ದೊಡ್ಡದು. ಆಮೇಲೆ ಗಾಜಿನ ಬೀರುವಿನಿಂದ ಬಟ್ಟೆ ಸುತ್ತಿದ ಇನ್ನೊಂದು ತೆಗೆದ. ಅದರಲ್ಲಿ ಚಕ್ರವಿತ್ತು, ಚಕ್ರಕ್ಕೆ ಸಿಕ್ಕಿಸಿದ ಸಣ್ಣ ಪಿಸ್ಟನ್ ಇತ್ತು.

"ಬಾಂಬೆ ಮಾಲು ಸಾರ್. ಆನೆ ಥರ ಎಳೀತದೆ."

"ಕರೆಂಟ್ ಹೋದ್ರೆ?" ಎಂದಳು ರಮಾಮಣಿ ಹಿಂದಿನಿಂದ.

"ಕರೆಂಟ್ ಹೋದ್ರೆ ಆನೆನೂ ಮಲಗ್ತದಮ್ಮಾ."

"ಕರೆಂಟ್ ಇಲ್ದೆ ನಡಿಯೋದು ಯಾವುದೂ ಇಲ್ವಾ?"

ನಯಾಜ್ ಮಾಸಿದ ಇಂಗ್ಲಿಷ್ ಪತ್ರಿಕೆಯೊಂದರ ಹಾಳೆ ತೆಗೆದು ತೋರಿಸಿದ. "ಇದು ಜರ್ಮನಿದು. ಪೂರಾ ಪ್ಲಾಸ್ಟಿಕ್, ನೀರೊಳಗೇ ಮುಳುಗಿಸಿ ಇಡೋದು. ತಿರುಗಿಸಿದ್ರೆ ಸಮುದ್ರ, ಸಮುದ್ರ! ನಮ್ಮ ಮಾಮು ಕುವೈತಿಂದ ತರ್ತೀನಿ ಅಂದವ್ರೆ. ಅದಕ್ಕೂ ಕರೆಂಟ್ ಬೇಕು, ಸುಳ್ಳು ಯಾಕೆ ಹೇಳ್ಲಿ."

"ಯಾವಾಗ ತರ್ತಾರೆ?"

"ಬಂದಾಗ ತರ್ತಾರಮ್ಮಾ."

ಯಜ್ಞನಾರಾಯಣ ಹೆಂಡತಿಯತ್ತ ತಿರುಗಿ, "ನೀನು ಸುಮ್ನಿರು, ಅವರು ಹೇಳ್ಲಿ" ಎಂದ. ನಯಾಜನಿಗೆ ಹೇಳಿದ, "ಇವಳ ತಾಪತ್ರಯ ಇವಳಿಗೆ. ಕರೆಂಟ್ ಹೋದಾಗ ಕೈ ಹಾಕಿ ತಿರುಗಿಸೋಳು ಇವಳೇ ಅಲ್ವಾ."

"ಅರೆ! ಹಂಗಾದ್ರೆ ಪಂಪ್ ಯಾಕೆ ಸಾರ್?" ನಯಾಜ್ ಕೈ ಬಿಚ್ಚಿದ. "ಸದ್ದಿಲ್ಲ, ಕರೆಂಟ್ ಬೇಡ, ರಿಪೇರಿ ಇಲ್ಲ. ಇಂಥಾ ಮಾಲು ಜರ್ಮನೀಲೂ ಸಿಗಾಕಿಲ್ಲ."

ಇಬ್ಬರು ಗಂಡಸರೂ ನಕ್ಕರು. ಗಿಳಿಯ ಪಂಜರದ ಹತ್ತಿರ ನಿಂತಿದ್ದ ಇನ್ನೊಬ್ಬ ಗಿರಾಕಿಯೂ ನಕ್ಕ. ಮನೆಗೆ ಬಂದ ಮೇಲೆ ಯಜ್ಞನಾರಾಯಣ ಆ ಮಾತನ್ನು ಅಮ್ಮನಿಗೆ ಹೇಳಿದ. ಕೃಷ್ಣಸ್ವಾಮಿಗೂ ಹೇಳಿದ. ರಮಾಮಣಿ ಎರಡು ಸಲವೂ ಅಲ್ಲೇ ಇದ್ದಳು.

ಅಂದು ತಂದದ್ದು ದೊಡ್ಡ ಕರಿ ಡಬ್ಬಿ. ಅದು ಹಾಕಿದ ದಿನದಿಂದ ಮನೆಯಲ್ಲಿ ಹಗಲೂ ಇರುಳೂ ದುಂಬಿ ಹೊಕ್ಕಂಥ ಸದ್ದು. ದೊಡ್ಡ ಗುಳ್ಳೆ ಮೇಲೆ ಬಂದು ಒಡೆದಾಗ ಉಪ್ಪಿನ ಹನಿ ಸಿಡಿದು ಗೋಡೆಗೆ, ಕಿಟಕಿಯ ಸರಳಿಗೆ, ದೇವರ ಪಟದ ಗಾಜಿಗೆ ಹತ್ತಿತು. ಒರೆಸುವ ಕೆಲಸ ಹೆಚ್ಚಾಯಿತು. ಹೂವು ಮಾತ್ರ ಅರ್ಧ ಮುಚ್ಚಿಯೇ ಇತ್ತು. ಆ ಡಬ್ಬಿಯನ್ನು ವಾಪಸು ಕೊಟ್ಟು ಬಾಂಬೆಯದನ್ನು ತಂದರು. ಅದು ಸದ್ದಿಲ್ಲದೆ ಎಳೆಯಿತು. ಆದರೆ ಪಿಸ್ಟನ್ನಿಗೆ ಬಿಟ್ಟ ಎಣ್ಣೆ ಕೊಳವೆಯಲ್ಲಿ ಇಳಿದು ನೀರಿನ ಮೇಲೆ ಕಾಮನಬಿಲ್ಲಿನ ಪೊರೆ ಕಟ್ಟಿತು. ಕೃಷ್ಣಸ್ವಾಮಿ ಮತ್ತೆ ಕ್ಯಾನುಗಳಲ್ಲಿ ನೀರು ತಂದ. ರಮಾಮಣಿ ಹಳೆಯ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಹಿತ್ತಲಿಗೆ ಚೆಲ್ಲಿದಳು. ಹಿತ್ತಲಲ್ಲಿದ್ದ ಕನಕಾಂಬರದ ಗಿಡ ಉಪ್ಪಿಗೆ ಒಣಗಿತು. ಯಾವ ಪಂಪು ಬಂದರೂ ಕರೆಂಟು ಹೋದಾಗ ತೊಟ್ಟಿಯ ಮುಂದೆ ನಿಲ್ಲುವವಳು ಅವಳೇ ಆಗಿದ್ದಳು. ಮೇ ತಿಂಗಳು ಅರ್ಧ ಕಳೆಯಿತು.

ಆ ದಿನಗಳಲ್ಲೇ, ಪಾತ್ರೆಗಳ ಒಳಮೈಗೆ ತವರ ಬಳಿಯುವ ಕಲಾಯಿಯವನು ಬೀದಿಗೆ ಬಂದ. ಸೀತಮ್ಮ ಹಿತ್ತಾಳೆ ತಾಮ್ರದ ಪಾತ್ರೆಗಳನ್ನೆಲ್ಲ ಹೊರಗೆ ತರಿಸಿ, ಜಗಲಿಯ ಮೇಲೆ ಕೂತು, ಒಂದೊಂದರ ಒಳಗೂ ಇಣುಕಿ ನೋಡಿದಳು. "ಈ ಹುಳಿ ಪಾತ್ರೆಗೆ ಎರಡು ಕೈ ಹಾಕಪ್ಪ. ತವರ ಹೋಗಿರೋ ಪಾತ್ರೇಲಿ ಉಪ್ಪು ಹುಳಿ ಬಿಟ್ರೆ ಕಿಲುಬು ಎದ್ದು ಮನೆಮಂದಿಯೆಲ್ಲ ವಾಂತಿ ಮಾಡ್ಕೋತೀವಿ." ರಮಾಮಣಿ ಬಿಸಿ ಪಾತ್ರೆಗಳನ್ನು ಒಳಗೆ ಸಾಗಿಸಿದಳು. ಈ ಮಾತು ಅವಳಿಗೆ ಹೊಸದಲ್ಲ. ತವರಿನಲ್ಲಿ ಲಂಗ ಹಾಕಿಕೊಳ್ಳುವ ವಯಸ್ಸಿನಿಂದ ಕೇಳಿದ್ದಳು.

ಯಶೋದಮ್ಮ ಅರ್ಜಿಗೆ ಸಹಿ ಹಾಕಲು ಕರೆದ ದಿನ ರಮಾಮಣಿ ಬೇಗ ಕೆಲಸ ಮುಗಿಸಿ ಬಸ್ಸು ಹತ್ತಿದಳು. ಹಿಂದಿರುಗುವಾಗ ಬಸ್ಸು ಹಲಸೂರು ಕೆರೆಯ ಹತ್ತಿರ ಕೆಟ್ಟು ನಿಂತಿತು. ಉಳಿದ ದಾರಿ ನಡೆದು ಮನೆ ಮುಟ್ಟಿದರೆ, ಕರೆಂಟು ಹೋಗಿತ್ತು. ಸೀತಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಯಿಯಲ್ಲಿ ನಾಮಸ್ಮರಣೆ ಮಾಡುತ್ತ, ಮಗ್ಗಿನಿಂದ ನೀರು ಎತ್ತಿ ಸುರಿಯುತ್ತಿದ್ದಳು. ಮಡಿಸೀರೆ ಮುಂದೆಲ್ಲ ನೆನೆದಿತ್ತು.

"ತಗೋಳಮ್ಮ ನಿನ್ನ ಮಕ್ಕಳನ್ನ" ಎಂದು ಮಗ್ಗು ಸೊಸೆಯ ಕೈಗೆ ಕೊಟ್ಟು ಸ್ನಾನಕ್ಕೆ ಹೋದಳು. ಆಮೇಲೆ ಇಡೀ ಸಂಜೆ ಭುಜಕ್ಕೆ ಕಾವು ಕೊಟ್ಟುಕೊಂಡು ಕೂತಿದ್ದಳು.

ಯಜ್ಞನಾರಾಯಣ ಬಂದು ಸಂಗತಿ ಕೇಳಿದವನು ತೊಟ್ಟಿಯನ್ನು ನೋಡಿ, ಅಮ್ಮನನ್ನು ನೋಡಿದ. ಅವನ ಮುಖ ಅರಳಿತು.

"ಮತ್ತೆ ನೀನು ಮಾಡ್ತೀಯಲ್ಲಮ್ಮ! ಪಂಪ್ ಸಿಗೋವರೆಗೂ ಇವಳು ಸ್ಕೂಲಿಗೆ ಹೋದಾಗ ನೀನೇ ಸ್ವಲ್ಪ ನೋಡ್ಕೊ. ಮನೇಲಿ ಕೂತು ಬೇಜಾರು ಅಂತಿದ್ಯಲ್ಲ."

ಸೀತಮ್ಮ ಕಾವಿನ ಬಟ್ಟೆಯನ್ನು ಇನ್ನೊಂದು ಸಲ ಬಿಸಿ ಮಾಡಿ ಭುಜಕ್ಕೆ ಒತ್ತಿಕೊಂಡಳು.

ಆ ವಾರವೇ ಯಜ್ಞನಾರಾಯಣ ತಾನೇ ಪಂಪು ಮಾಡುವುದೆಂದು ನಿರ್ಧರಿಸಿದ. ಗುಜರಿಯಿಂದ ಹಳೆಯ ಕಾರಿನ ವೈಪರ್ ಮೋಟಾರು ತಂದ, ಒಂದು ಬ್ಯಾಟರಿ ತಂದ. ಕರೆಂಟು ಇದ್ದಾಗ ಬ್ಯಾಟರಿ ತುಂಬಿಕೊಳ್ಳುತ್ತದೆ, ಹೋದಾಗ ಅದೇ ಮೋಟಾರು ಓಡಿಸುತ್ತದೆ. ಮೋಟಾರಿನ ತೋಳು ಒಂದು ದಂಡವನ್ನು ಮೇಲೆ ಕೆಳಗೆ ಎಳೆದಾಡಿದರೆ ನೀರು ಒಂದು ಕಡೆಯಿಂದ ಒಳಬಂದು ಇನ್ನೊಂದು ಕಡೆಗೆ ನುಗ್ಗುತ್ತದೆ. ಎಲ್ಲ ಸರಿಹೋಯಿತು. ಉಳಿದದ್ದು ದಂಡ ಆಡುವ ಕೊಳವೆ, ನೀರಿನಲ್ಲಿ ಮುಳುಗಿರುವ ಭಾಗ. ಅದನ್ನು ಯಾವುದರಲ್ಲಿ ಮಾಡುವುದು?

ಊಟದ ಹೊತ್ತಿನಲ್ಲೆಲ್ಲ ಅದೇ ಮಾತು. "ಕಬ್ಬಿಣ ತುಕ್ಕು ಹಿಡಿಯುತ್ತೆ. ಅಲ್ಯೂಮಿನಿಯಂ ಆದ್ರೆ ಉಪ್ಪು ತಿಂದ್ಹಾಕುತ್ತೆ. ಪ್ಲಾಸ್ಟಿಕ್ ಪೈಪ್ ಹಾಕೋಣ ಅಂದ್ರೆ ಅಳತೆಗೆ ಸರಿಯಾದ್ದು ಸಿಗ್ತಿಲ್ಲ, ಅಂಟಿಸಿದ್ರೆ ನಿಲ್ಲಲ್ಲ."

ಕೂತಲ್ಲಿಂದ ಎದ್ದು ಹೋದ ಸೀತಮ್ಮ ಟ್ರಂಕಿನಿಂದ ಏನೋ ತಂದು ಮಗನ ಎಲೆಯ ಪಕ್ಕ ಇಟ್ಟಳು. ತಾಮ್ರದ ಚೊಂಬು. ಅವಳ ಮದುವೆಯಲ್ಲಿ ಧಾರೆ ನೀರು ಎರೆದದ್ದು ಅದರಿಂದ. ದಪ್ಪನೆಯದು, ಒಂದು ತಗ್ಗೂ ಬಿದ್ದಿರಲಿಲ್ಲ.

"ಇದರಲ್ಲಿ ಮಾಡ್ಕೊ."

"ಅಯ್ಯೋ ಅಮ್ಮ, ಇದಾ!"

"ಟ್ರಂಕಲ್ಲಿ ಇಟ್ಕೊಂಡು ನಾನೇನು ಮಾಡ್ಲಿ? ಸಮುದ್ರದ ನೀರು ಅಂದ್ರೆ ತೀರ್ಥ. ತೀರ್ಥಕ್ಕೆ ತಾಮ್ರಕ್ಕಿಂತ ಶುದ್ಧ ಯಾವುದಿದೆ?"

ಯಜ್ಞನಾರಾಯಣ ಚೊಂಬನ್ನು ಬೆರಳಲ್ಲಿ ತಟ್ಟಿ ಕೇಳಿದ. ಒಳ್ಳೆಯ ನಾದ. "ತುಕ್ಕೂ ಹಿಡಿಯಲ್ಲ" ಎಂದ ಸಂತೋಷದಿಂದ. ಅವನ ಕಣ್ಣಲ್ಲಿ ನೀರಾಡಿತು.

ರಮಾಮಣಿ ಮಜ್ಜಿಗೆ ಪಾತ್ರೆ ಹಿಡಿದು ನಿಂತಿದ್ದಳು. ಹೇಳಬೇಕಾದ್ದು ಅವಳ ಬಾಯಿಗೆ ತಾನಾಗಿ ಬಂತು. "ಅದಕ್ಕೆ ಒಳಗೆ ಕಲಾಯಿ ಹಾಕಿಸ್ಬೇಕಲ್ವೇನ್ರೀ? ಉಪ್ಪುನೀರಲ್ವಾ, ಕಿಲುಬು..."

"ಇದೇನು ನೀನು ಹುಳಿ ಕುದಿಸೋ ಪಾತ್ರೆನೇನೇ?" ಯಜ್ಞನಾರಾಯಣ ನಕ್ಕ. "ಇದು ಪಂಪು. ಅಡುಗೆಮನೆ ಲೆಕ್ಕ ಇಲ್ಲಿ ನಡಿಯಲ್ಲ."

ರಮಾಮಣಿ ಅತ್ತೆಯ ಕಡೆ ನೋಡಿದಳು. ಸೀತಮ್ಮ ಹೂಬತ್ತಿ ಹೊಸೆಯುತ್ತಿದ್ದಳು. ತಲೆ ಎತ್ತಲಿಲ್ಲ.

ಒಂದು ಸಲ ಹೇಳಿದ್ದಾಯಿತು. ಇನ್ನೊಂದು ಸಲ ಹೇಳಬಹುದಿತ್ತು. ಕಲಾಯಿಯವನು ಮುಂದಿನ ಬೀದಿಯಲ್ಲೇ ಇದ್ದ, ಕರೆಯಬಹುದಿತ್ತು. ಹೇಳಿದರೆ ಏನಾಗುತ್ತಿತ್ತು ಎಂಬುದೂ ಅವಳಿಗೆ ಕಾಣಿಸುತ್ತಿತ್ತು. ತಾಮ್ರ ಬೇಡವೆಂದು ಚೊಂಬು ಟ್ರಂಕಿಗೆ ಹಿಂದಿರುಗುತ್ತಿತ್ತು. ಇನ್ನೊಂದು ಲೋಹ, ಇನ್ನೊಂದು ಭಾನುವಾರ, ಇನ್ನೊಂದು ಪಂಪು. ಅಷ್ಟರಲ್ಲಿ ಶಾಲೆ ತೆರೆದಿರುತ್ತಿತ್ತು. ಅವಳು ಮಜ್ಜಿಗೆ ಬಡಿಸಿದಳು.

ಚೊಂಬಿನ ಕತ್ತು ಕೊಯ್ದು, ಹೊಟ್ಟೆಯನ್ನು ತಟ್ಟಿ ಕೊಳವೆ ಮಾಡಿ, ಎರಡು ಮೂತಿ ಬೆಸೆದು ಯಜ್ಞನಾರಾಯಣ ಮನೆಗೆ ತಂದಾಗ ಅದು ಒಡವೆಯ ಹಾಗೆ ಹೊಳೆಯುತ್ತಿತ್ತು. ತೊಟ್ಟಿಯಲ್ಲಿ ಇಳಿಸಿ ಬ್ಯಾಟರಿಗೆ ಸಿಕ್ಕಿಸಿದ. ಪಂಪು ಒಮ್ಮೆ ಎಳೆಯಿತು, ಒಮ್ಮೆ ಬಿಟ್ಟಿತು. ಮಲಗಿದವರು ಉಸಿರಾಡುವಂಥ ಸದ್ದು. ನೀರು ಒಂದು ಮೂಲೆಯಿಂದ ಹೊರಟು ಕಲ್ಲುಗಳನ್ನು ಬಳಸಿ ಇನ್ನೊಂದು ಮೂಲೆಗೆ ಹೋಗಿ ತಿರುಗಿ ಬಂತು. ಹೂವು ಮೆಲ್ಲಗೆ ಪೂರ್ತಿ ಬಿಚ್ಚಿಕೊಂಡಿತು. ಅಷ್ಟು ದೊಡ್ಡದೆಂದು ಯಾರಿಗೂ ಗೊತ್ತಿರಲಿಲ್ಲ. ಅದರ ನೂರು ಬೆರಳೂ ಒಂದೇ ಕಡೆಗೆ ವಾಲಿ, ಮತ್ತೆ ಇನ್ನೊಂದು ಕಡೆಗೆ ವಾಲುತ್ತಿದ್ದವು.

"ನೋಡೇ!" ಎಂದ ಯಜ್ಞನಾರಾಯಣ. "ಇನ್ನು ನೀನು ಹಾಯಾಗಿ ಸ್ಕೂಲಿಗೆ ಹೋಗು."

ರಮಾಮಣಿ ನೋಡಿದಳು. ಚೆನ್ನಾಗಿತ್ತು. ಚೆನ್ನಾಗಿದೆ ಎಂದು ತಿಳಿಯುತ್ತಿತ್ತು, ಅದರಾಚೆ ಏನೂ ಆಗಲಿಲ್ಲ.

ಜೂನ್ ತಿಂಗಳು ಶಾಲೆ ತೆರೆದ ದಿನ ಅವಳು ತರಗತಿಯಲ್ಲಿದ್ದಳು. ಎದುರಿಗೆ ಸಾಲುಸಾಲು ಹೆಣ್ಣುಮಕ್ಕಳು. ಮನೆಯಲ್ಲಿ ತಮಿಳಾಡುವವರು, ದಖನಿ ಉರ್ದು ಆಡುವವರು, ತೆಲುಗಿನವರು. ಅವರೆಲ್ಲರಿಗೂ ಅವಳು ಕನ್ನಡದ ಟೀಚರ್. ಸೀಮೆಸುಣ್ಣ ಹಿಡಿದಾಗ ಕೈಯ ಬಿರುಕುಗಳಲ್ಲಿ ಪುಡಿ ಸೇರಿಕೊಂಡಿತು. ನೋಯಲಿಲ್ಲ. ಬೆಳಗ್ಗೆ ಎದ್ದು ಅಡುಗೆ ಮುಗಿಸಿ, ಗಂಡನ ಡಬ್ಬಿ ಕಟ್ಟಿ, ಅತ್ತೆಯ ಫಲಾಹಾರ ಮುಚ್ಚಿಟ್ಟು, ಮೀನಿಗೆ ಸೀಗಡಿಪುಡಿ ಹಾಕಿ, ಮತ್ತೆ ಸ್ನಾನ ಮಾಡಿ ಬಸ್ಸಿಗೆ ಓಡುತ್ತಿದ್ದಳು. ನೀರು ತಿರುಗಿಸುವುದೊಂದು ಬಿಟ್ಟು ಯಾವ ಕೆಲಸವೂ ಕಡಿಮೆಯಾಗಿರಲಿಲ್ಲ.

ಮೊದಲ ವಾರವೇ, ಗಾಜು ಒರೆಸುವಾಗ, ಪಂಪಿನ ಬೆಸುಗೆಯ ಸುತ್ತ ಅವಳಿಗೆ ಹಸಿರು ಕಂಡಿತು. ನವಿಲಿನ ಕತ್ತಿನ ಬಣ್ಣ. ಕಿಲುಬು. ಯಜ್ಞನಾರಾಯಣ ಅಲ್ಲೇ ಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದ. "ರೀ" ಎನ್ನಲು ಬಾಯಿ ತೆರೆದಳು. ಅವನು ತಲೆ ಎತ್ತಿದ.

"ಏನು?"

"ಕಾಫಿ ಬೇಕಾ?"

"ಅರ್ಧ ಲೋಟ."

ಬಟ್ಟೆಯಲ್ಲಿ ಹಸಿರನ್ನು ಒರೆಸಿದಳು. ಒರೆಸುವುದು ಅವಳ ಕೆಲಸ. ಬಟ್ಟೆಯನ್ನು ಹಿತ್ತಲಲ್ಲಿ ಹಿಂಡಿ, ಸ್ನಾನ ಮಾಡಿ, ಕಾಫಿ ಮಾಡಿದಳು.

ಹೂವು ಅದಾದ ಮೇಲೆ ಪೂರ್ತಿ ಬಿಚ್ಚಲಿಲ್ಲ. ಮೊದಲು ಅಂಚು ಸುರುಟಿತು. ಆಮೇಲೆ ಮುಷ್ಟಿಯಷ್ಟಾಯಿತು, ಆಮೇಲೆ ಅಡಿಕೆಯಷ್ಟು. ಮೀನುಗಳು ಅದರ ಸುತ್ತ ಸುತ್ತಿ, ಒಳಗೆ ಹೋಗಲು ಜಾಗ ಸಿಗದೆ ಮೂಲೆಗೆ ಹೋಗಿ ನಿಂತವು. ಪಂಪು ಉಸಿರಾಡುತ್ತಲೇ ಇತ್ತು. ಒಂದು ಸಂಜೆ ಶಾಲೆಯಿಂದ ಬಂದಾಗ ಹೂವು ಕಲ್ಲಿನಿಂದ ಕಳಚಿ, ನೆನೆದ ಕಾಗದದ ಹಾಗೆ ಕರಗುತ್ತ ಪಂಪಿನ ಓಟದಲ್ಲಿ ಸುತ್ತು ಹೊಡೆಯುತ್ತಿತ್ತು. ಮಾರನೆಯ ದಿನ ಮೀನುಗಳು ಮಗ್ಗುಲಾಗಿ ತೇಲಿದವು.

ಅವತ್ತು ಭಾನುವಾರ. ಕೃಷ್ಣಸ್ವಾಮಿ ಬಂದ. ಬೆರಳದ್ದಿ ನೀರು ಮೂಸಿ, "ನೀರಿಂದೇ ತಪ್ಪು" ಎಂದ. "ಹಾರ್ಬರ್ ಕಡೆ ತುಂಬಿಸ್ಬೇಡಿ ಅಂತ ನೀರು ಕಳಿಸೋರಿಗೆ ಹೇಳಿದ್ದೆ. ಹಡಗಿನ ಎಣ್ಣೆ."

"ಪಂಪಿಂದೇನೂ ತಪ್ಪಿಲ್ಲ" ಎಂದ ಯಜ್ಞನಾರಾಯಣ. "ಪಂಪ್ ಫಸ್ಟ್ ಕ್ಲಾಸ್." ಹೆಂಡತಿಯತ್ತ ತಿರುಗಿ ಹೇಳಿದ, "ನೀನು ಮನೇಲಿ ಇದ್ದಿದ್ರೆ ಗೊತ್ತಾಗಿರೋದು. ಹಗಲೆಲ್ಲ ನೋಡೋರಿಲ್ಲ ಅಂದ್ರೆ ಹೀಗೇ ಆಗೋದು. ಎಷ್ಟಾದ್ರೂ ಜೀವ ಅಲ್ವಾ, ಬರೀ ಪಂಪಲ್ಲಿ ಬದುಕಲ್ಲ."

ರಮಾಮಣಿ ಮೀನುಗಳನ್ನು ಟೀ ಸೋಸುವ ಹಳೆಯ ಜಾಲರಿಯಲ್ಲಿ ಎತ್ತುತ್ತಿದ್ದಳು. ಅವು ಬಂದ ದಿನದ ಬಣ್ಣದಲ್ಲೇ ಇದ್ದವು. ಎರಡು ಸಲ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ದಿನಗಳು ನೆನಪಾಗಬಹುದೆಂದು ಅವಳು ಕಾದಳು. ಕಣ್ಣು ತುಂಬಬಹುದೆಂದು ಕಾದಳು. ಕೈ ಕೆಲಸ ಮಾಡುತ್ತಲೇ ಇತ್ತು.

"ಕೃಷ್ಣ ಹೊಸದು ತರ್ತಾನೆ" ಎಂದ ಯಜ್ಞನಾರಾಯಣ. "ಈ ಸಲ ನೀನು ರಜಾ ಹಾಕ್ಬಿಡು. ಒಂದು ತಿಂಗಳು. ಅವು ಹೊಂದಿಕೊಳ್ಳೋವರೆಗೂ. ಆಮೇಲೆ ಬೇಕಾದ್ರೆ ಹೋಗು."

"ಹೊಸಬಳಿಗೆ ಒಂದು ತಿಂಗಳು ರಜಾ ಕೊಡಲ್ಲ" ಎಂದಳು ರಮಾಮಣಿ.

"ಕೊಡದಿದ್ರೆ ಬಿಟ್ಬಿಡು. ಇದೊಂದೇ ಸ್ಕೂಲಾ?"

ದೇವರಮನೆಯ ಹೊಸ್ತಿಲ ಮೇಲೆ ಕೂತಿದ್ದ ಸೀತಮ್ಮ ಆಗ ಬಾಯಿ ತೆರೆದಳು. "ಇನ್ನು ಈ ಮನೆಗೆ ಅದು ಬರೋದು ಬೇಡ."

"ಅಮ್ಮ..."

"ನಡುಮನೇಲಿ ಜೀವ ಕೊಳೆತಿದೆ. ನಾನು ಇಲ್ಲೇ ಕೂತು ಜಪ ಮಾಡ್ಬೇಕು, ಇಲ್ಲೇ ಉಣ್ಬೇಕು. ಇಷ್ಟು ದಿನ ಸೀಗಡಿ ನಾತ ಸಹಿಸ್ಕೊಂಡೆ. ನನ್ನ ಮದುವೆ ಚೊಂಬು ಕೊಟ್ಟೆ. ಇನ್ನೇನು ಕೊಡ್ಲಿ? ಇನ್ನೊಂದು ಮೀನು ಈ ಹೊಸ್ತಿಲು ದಾಟಿದ್ರೆ ನಾನು ನಿಮ್ಮಕ್ಕನ ಮನೆಗೆ ಹೋಗ್ತೀನಿ."

ಕೃಷ್ಣಸ್ವಾಮಿ ಚಪ್ಪಲಿ ಹುಡುಕತೊಡಗಿದ. ಯಜ್ಞನಾರಾಯಣ ತೊಟ್ಟಿಯ ಪಕ್ಕ ಬಹಳ ಹೊತ್ತು ಕೂತಿದ್ದ. ಪಂಪನ್ನು ತಾನೇ ಬಿಚ್ಚಿ, ತೊಳೆದು, ಪಂಚೆಯ ತುದಿಯಲ್ಲಿ ಒರೆಸಿ ಬೀರುವಿನಲ್ಲಿಟ್ಟ. ಮನೆಯಲ್ಲಿ ಅವನು ಒರೆಸಿದ್ದನ್ನು ರಮಾಮಣಿ ನೋಡಿದ್ದು ಅದೊಂದೇ ಸಲ. ಅವನ ಬಗ್ಗೆ ಅಯ್ಯೋ ಎನ್ನಿಸಿತು, ಅಥವಾ ಎನ್ನಿಸಬೇಕಿತ್ತು.

ನೀರು ಖಾಲಿ ಮಾಡಿದವಳು ಅವಳೇ. ಬಕೆಟ್ಟು ಬಕೆಟ್ಟಾಗಿ, ಈ ಸಲ ಹಿತ್ತಲಿಗಲ್ಲ, ಎದುರಿನ ಖಾಲಿ ಸೈಟಿಗೆ. ಕೊನೆಯ ಬಕೆಟ್ಟು ಚೆಲ್ಲಿ, ಸ್ನಾನ ಮಾಡಿ ಅಡುಗೆಮನೆಗೆ ಬಂದಾಗ ಸೀತಮ್ಮ ಜಾಡಿಯಿಂದ ಮಾವಿನ ಉಪ್ಪಿನಕಾಯಿ ತೆಗೆಯುತ್ತಿದ್ದಳು. ಕಲ್ಲಿನ ಜಾಡಿ, ಬಾಯಿಗೆ ಬಟ್ಟೆ ಕಟ್ಟಿದ್ದು.

"ಅತ್ತೆ, ಅವತ್ತು ನಾನು ಕಲಾಯಿ ಅಂದಾಗ ನೀವು..."

"ಉಪ್ಪಿನಕಾಯಿ ಯಾವತ್ತಾದ್ರೂ ತಾಮ್ರದಲ್ಲಿ ಹಾಕಿದೀನೇನೇ ನಾನು?" ಸೀತಮ್ಮ ತಿರುಗಿ ನೋಡದೆ ಹೇಳಿದಳು. "ನಿನ್ನ ಸ್ಕೂಲು ನಿನಗೆ. ಅವನ ಕಾರ್ಖಾನೆ ಅವನಿಗೆ. ಈ ಭುಜ ಇಟ್ಕೊಂಡು ಅದರ ಮುಂದೆ ನಾನು ನಿಂತ್ಕೋಬೇಕಿತ್ತಾ? ನನಗೆ ಅರವತ್ತೇಳು." ಉಪ್ಪಿನಕಾಯಿ ಬಟ್ಟಲನ್ನು ಸೊಸೆಯ ಮುಂದೆ ತಳ್ಳಿದಳು. "ನೀನೂ ಎರಡನೇ ಸಲ ಹೇಳ್ಲಿಲ್ಲವಲ್ಲ."

ಇಬ್ಬರೂ ಮತ್ತೆ ಆ ಮಾತು ಆಡಲಿಲ್ಲ. ಸೀತಮ್ಮ ಬದುಕಿರುವವರೆಗೂ ಆಡಲಿಲ್ಲ.

ತೊಟ್ಟಿ ಕಿಟಕಿಯ ಪಕ್ಕದಲ್ಲೇ ಉಳಿಯಿತು. ಅದನ್ನು ಯಾರಿಗೂ ಕೊಡಲು ಯಜ್ಞನಾರಾಯಣ ಒಪ್ಪಲಿಲ್ಲ. ಗಾಜಿನ ಮೂಲೆಗಳಲ್ಲಿ ಉಪ್ಪು ತಾನಾಗಿ ಬೆಳ್ಳಗೆ ಏಳುತ್ತಿತ್ತು. ಶುಕ್ರವಾರದ ಒರೆಸುವ ಕೆಲಸದಲ್ಲಿ ಅದೂ ಸೇರಿಕೊಂಡಿತು.

ಜುಲೈ ತಿಂಗಳ ಒಂದು ಮೋಡದ ಬೆಳಿಗ್ಗೆ ಪರ್ವೀನ್ ಎಂಬ ಹುಡುಗಿ ಎದ್ದು ನಿಂತು ಪಾಠ ಓದುತ್ತಿದ್ದಳು. ಕಡಲ ತೀರದ ಊರಿನ ಪಾಠ. ಅರ್ಧದಲ್ಲಿ ನಿಲ್ಲಿಸಿ ಕೇಳಿದಳು, "ಟೀಚರ್, ನೀವು ಕಡಲು ನೋಡಿದೀರಾ?"

"ಇಲ್ಲಮ್ಮ."

"ಒಂದು ಸಲಾನೂ ಇಲ್ವಾ?"

"ನೋಡಿಲ್ಲ. ಕೈ ಹಾಕಿದೀನಿ."

ಹುಡುಗಿಯರು ಕಿಸಕ್ಕೆಂದು ನಕ್ಕರು. ಟೀಚರ್ ತಮಾಷೆ ಮಾಡುತ್ತಾರೆ ಎಂದು ಅವರಿಗೆ ಅಂದೇ ಗೊತ್ತಾದದ್ದು. ಅಷ್ಟರಲ್ಲಿ ದಿನದ ಪದ್ಧತಿಯಂತೆ ಕರೆಂಟು ಹೋಯಿತು. ಕೋಣೆಯ ಒಂದೇ ಬಲ್ಬು ಆರಿ, ತರಗತಿ ಮಬ್ಬಾಯಿತು. ಮೇಜಿನ ಮೇಲಿದ್ದ ರಮಾಮಣಿಯ ಬಲಗೈ ತಾನಾಗಿ ಮೇಲೆದ್ದಿತು, ಮೊಣಕೈ ಮಡಿಸಿ, ಬೆರಳು ಕೂಡಿಸಿ, ಮಗ್ಗು ಹಿಡಿಯುವ ಹಾಗೆ. ಹುಡುಗಿಯರು ಅದನ್ನೇ ನೋಡುತ್ತಿದ್ದರು.

"ಏನು ಟೀಚರ್?" ಎಂದಳು ಪರ್ವೀನ್.

ರಮಾಮಣಿ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಮೇಜಿನ ಮೇಲೆ ಇಳಿಸಿದಳು. ಹೊರಗಿನ ಬೆಳಕು ಪುಸ್ತಕಕ್ಕೆ ಸಾಕಾಗುತ್ತಿತ್ತು.

"ಏನಿಲ್ಲ. ಕಿಟಕಿ ಹತ್ರ ಬಾ. ಮುಂದೆ ಓದು."